ಕಾಲು ಟ್ಯಾಂಕ್

ಮಾರ್ಚ್ 3, ಸಂಜೆ 6.40

ಕ್ಲಚ್ ಎರಡು, ಬ್ರೇಕ್ ಒಂದು, ತುಕ್ಕು ಹಿಡಿದ ಸೈಲೆನ್ಸರ್ ಒಂದು. ಬೆನ್ನು ಹಿಡಿದುಕೊಂಡಿದೆ. ಎರಡು ಸಲ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿಲ್ಲ.

ಟೀಚರ ಬೂದು ಕಾರು ಮತ್ತೆ ಬಂತು. ಮೂರನೇ ಸಲ. ಅದೇ ದೂರು: ಓಡುತ್ತಾ ಓಡುತ್ತಾ ಇಂಜಿನ್ ತಟಕ್ಕನೆ ಆಫ್. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಎನ್ನುವಂತೆ ಸ್ಟಾರ್ಟ್. ಈ ಸಲ ಫ್ಲೈಓವರ್ ಮೇಲೆ ನಿಂತಿತಂತೆ. ಹಿಂದೆ ಬಸ್ಸು. ಬಸ್ಸಿನವನು ಹೇಗೋ ಬ್ರೇಕ್ ಹಾಕಿದ್ದಾನೆ. ಪಕ್ಕದ ಸೀಟಿನಲ್ಲಿ ಟೀಚರ ಯಜಮಾನರು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಅವರನ್ನು ಕರೆದುಕೊಂಡು ಹೋಗುವುದು ಟೀಚರೇ.

ಜೊತೆಗೆ ಮಗನೂ ಬಂದಿದ್ದ. ಅಮ್ಮ ಅಲ್ಲೇ ನಿಂತಿದ್ದರೂ ಇಲ್ಲವೇ ಇಲ್ಲ ಎನ್ನುವ ಹಾಗೆ ಮಾತಾಡಿದ.

"ಮೇಡಂ, ಕಾರಲ್ಲಿ ಏನಾದ್ರೂ ಇದ್ದಿದ್ರೆ ಎರಡು ಸಲ ಬಿಚ್ಚಿದಾಗ ಸಿಕ್ತಿರ್ಲಿಲ್ವಾ? ಅಮ್ಮನಿಗೆ ಎಪ್ಪತ್ತೊಂದು ಆಯ್ತು. ಕ್ಲಚ್ ಸರಿಯಾಗಿ ಒತ್ತಲ್ಲ, ಆಫ್ ಮಾಡ್ಕೊಳ್ತಾಳೆ. ಈ ತಿಂಗಳು ನೋಡ್ತೀನಿ. ಏನೂ ಸಿಗ್ಲಿಲ್ಲ ಅಂದ್ರೆ ಕೀ ನಾನೇ ಇಟ್ಕೊಳ್ತೀನಿ."

ಟೀಚರ್ ಗೋಡೆಯ ಟೈರ್ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಮಗ ಫೋನ್ ಬಂತೆಂದು ಹೊರಗೆ ಹೋದ ಮೇಲೆ ನನ್ನ ಹತ್ತಿರ ಬಂದರು. "ನಾನು ಆಫ್ ಮಾಡಿಲ್ಲಮ್ಮ. ನಲವತ್ತು ವರ್ಷ ಓಡಿಸಿದೀನಿ. ನನ್ನ ಕಾಲು ಎಲ್ಲಿದೆ ಅಂತ ನಂಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಟೀಚರ್," ಅಂದೆ. ಎರಡು ಸಲ "ಸರಿಯಾಯ್ತು" ಎಂದು ಕಾರು ಕಳಿಸಿದವಳೂ ನಾನೇ.

ಮಾರ್ಚ್ 4, ಮಧ್ಯಾಹ್ನ

ಊಟದ ಬುತ್ತಿ ಬಿಚ್ಚುವ ಮೊದಲು ನಾಲ್ಕು ಸಾಲು. ಸ್ಕ್ಯಾನರ್ ಹಾಕಿದೆ. ದೋಷ ತೋರಿಸುವ ಕೋಡ್ ಒಂದೂ ಇಲ್ಲ. ಮೊದಲನೇ ಸಲ ಬಂದಾಗ ಡೀಸೆಲ್ ಫಿಲ್ಟರ್ ಬದಲಾಯಿಸಿದ್ದೆ. ಎರಡನೇ ಸಲ ಕ್ರ್ಯಾಂಕ್ ಸೆನ್ಸರ್. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುವುದು ಅದರ ಚಾಳಿ. ಅದೇ ಇರಬೇಕು ಅಂತ ಎಷ್ಟು ಧೈರ್ಯವಾಗಿ ಹೇಳಿದ್ದೆ. ಈಗ ಮುಖ ಎಲ್ಲಿಡಲಿ.

ಮಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದರು. "ಏನಂತೆ ಟೀಚರ್ ಗಾಡಿಗೆ?" "ಏನೂ ಇಲ್ವಂತೆ ಮಾವ." "ಹಂಗಂತ ಗಾಡಿ ಹೇಳ್ತಾ, ಆ ಡಬ್ಬಿ ಹೇಳ್ತಾ?" ಸ್ಕ್ಯಾನರ್‌ಗೆ ಅವರು ಡಬ್ಬಿ ಎನ್ನುವುದು.

ಈ ಗ್ಯಾರೇಜು ಅವರದು. ಮದುವೆಯಾಗಿ ಬಂದಾಗ ನನಗೆ ಸೈಕಲ್ ಪಂಕ್ಚರ್ ಹಾಕಲೂ ಬರುತ್ತಿರಲಿಲ್ಲ. ಇವರಿಗೋ, ನನ್ನ ಗಂಡನಿಗೆ, ಗ್ರೀಸ್ ಕಂಡರೆ ಆಗದು. ಪಾರ್ಟ್ಸ್, ಫೋನು, ಗಿರಾಕಿಗಳ ಮಾತು ಎಂದು ಗಾಜಿನ ಕೋಣೆ ಸೇರಿಕೊಂಡರು. ಮಾವ ಮಗನ ಆಸೆ ಬಿಟ್ಟು ಸೊಸೆಯ ಕೈಗೆ ಸ್ಪ್ಯಾನರ್ ಕೊಟ್ಟರು. ಇಪ್ಪತ್ತೆರಡು ವರ್ಷವಾಯಿತು. ನನ್ನ ಕೈಗೆ ಬರುವುದೆಲ್ಲ ಅವರು ಕಲಿಸಿದ್ದೇ. ಈಗ ಅವರಿಗೆ ಎಪ್ಪತ್ತೆಂಟು. ಕೈ ನಡುಗುತ್ತದೆ. ಸಣ್ಣಪುಟ್ಟ ಕೆಲಸ ಮಾತ್ರ ಮಾಡುತ್ತಾರೆ. ಆಯಿಲ್ ನೋಡುವುದು, ಗಾಳಿ ಹಾಕುವುದು, ಸರ್ವಿಸಿಗೆ ಬಂದ ಗಾಡಿಯ ಟ್ಯಾಂಕಿಗೆ ಕೊಳೆ ತೆಗೆಯುವ ಕ್ಲೀನರ್ ಬಾಟಲಿ ಸುರಿಯುವುದು.

ಮಾರ್ಚ್ 5, ರಾತ್ರಿ 8

ಟೆಸ್ಟಿಗೆ ಹೊರಟೆ. ಮಾವನ ರೂಲು ಒಂದಿದೆ, ಡೀಸೆಲ್ ಕಮ್ಮಿ ಇಟ್ಟುಕೊಂಡು ಟೆಸ್ಟಿಗೆ ಹೋಗಬಾರದು. ಗಾಳಿ ಎಳೆದುಕೊಂಡು ನಿಂತಿತೋ, ಕಾಯಿಲೆಯಿಂದ ನಿಂತಿತೋ ತಿಳಿಯುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಎಲ್ಲ ಗಾಡಿಗೂ ಮೊದಲು ಕ್ಯಾನಿನಿಂದ ಡೀಸೆಲ್ ಸುರಿದು ಮೀಟರಿನ ಮುಳ್ಳನ್ನು ಅರ್ಧದ ಮೇಲೆ ತರುತ್ತೇವೆ. ಇವತ್ತೂ ಹಾಗೇ ಮಾಡಿ ಹೊರಟೆ.

ಅರವತ್ತು ಕಿಲೋಮೀಟರ್. ಏರು, ಇಳಿಜಾರು, ಮಾರ್ಕೆಟ್ ಟ್ರಾಫಿಕ್, ಬೈಪಾಸ್. ಎಸಿ ಹಾಕಿ, ಎಸಿ ಆರಿಸಿ. ಒಂದು ಸಲ ಕೆಮ್ಮಲೂ ಇಲ್ಲ. ನನ್ನ ಕೈಗೆ ಬಂದರೆ ಬಹಳ ಸಾಧು ಈ ಕಾರು.

ಸಾಕಾಗಿದೆ. ಕಣ್ಣು ಉರಿ.

ಮಾರ್ಚ್ 6, ಸಂಜೆ

ವೈರಿಂಗ್ ಪೂರ್ತಿ. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರನ್ನೂ ಹಿಡಿದು ಅಲುಗಾಡಿಸಿದೆ. ರಿಲೇ ತಟ್ಟಿದೆ. ಕೀ ಸ್ವಿಚ್ ಜಗ್ಗಿದೆ. ಡೀಸೆಲ್ ಪೈಪ್ ತೆಗೆದು ಪಾರದರ್ಶಕ ಪೈಪ್ ಹಾಕಿ ಕಾದೆ, ಗುಳ್ಳೆ ಬಂದರೆ ಎಲ್ಲೋ ಗಾಳಿ ಸೇರುತ್ತಿದೆ ಎಂದರ್ಥ. ಬರಲಿಲ್ಲ. ಮೊಣಕಾಲ ಮೇಲೆ ಮೂರು ಗಂಟೆ.

ಇವರು ಗಾಜಿನ ಕೋಣೆಯಿಂದ ಬಂದರು. "ಸಾಕು ಬಿಡೇ. ಏನೂ ತೊಂದರೆ ಇಲ್ಲ ಅಂತ ಬರೆದು ಕೊಟ್ಬಿಡು."

"ಹಾಗೆ ಬರೆದ್ರೆ ಆಯಮ್ಮನ ಕೀ ಹೋಯ್ತು ರೀ."

"ಅದು ಅವರ ಮನೆ ವಿಷ್ಯ. ನಮ್ಮನೇದೇ ನಮಗೆ ಹಾಸಿ ಹೊದೆಯೋಷ್ಟಿದೆ. ಹೋದ ತಿಂಗಳು ಅಪ್ಪ ಆಯಿಲ್ ಮುಚ್ಚಳ ಹಾಕೋದೇ ಮರೆತ್ರಲ್ಲ, ಆ ಗಿರಾಕಿ ಇವತ್ತಿಗೂ ಮುಖ ತೋರಿಸಿಲ್ಲ. ಇನ್ನೊಂದು ಹಾಗಾದ್ರೆ ಅಪ್ಪನ್ನ ಮನೇಲಿ ಕೂರಿಸೋದೇ."

ಮಾವನಿಗೆ ಕೇಳಿಸಿತೋ ಏನೋ. ಟೈರಿಗೆ ಗಾಳಿ ಹಾಕುತ್ತಿದ್ದರು, ತಲೆ ಎತ್ತಲಿಲ್ಲ.

ನಾಳೆ ಕಾರು ವಾಪಸ್. ತೊಂದರೆ ಇಲ್ಲ ಎಂದು ಬರೆಯಲಿಲ್ಲ. "ಪರೀಕ್ಷೆ ಮುಂದುವರಿದಿದೆ" ಎಂದು ಬರೆದೆ. ಎರಡೂ ಒಂದೇ, ಟೀಚರ ಮಗನಿಗೆ.

ಮಾರ್ಚ್ 10, ಸಂಜೆ 5

ಟೀಚರ ಫೋನು. ಡಯಾಲಿಸಿಸ್ ಮುಗಿಸಿ ಬರುವಾಗ ಮತ್ತೆ ನಿಂತಿದೆ. ಯಜಮಾನರು ತೋಳಿಗೆ ಪ್ಲಾಸ್ಟರ್ ಅಂಟಿಸಿಕೊಂಡು ಬಿಸಿಲಲ್ಲಿ ಫುಟ್‌ಪಾತಿನ ಮೇಲೆ ಕೂತಿದ್ದರಂತೆ. ಹನ್ನೆರಡು ನಿಮಿಷ.

ಅದಲ್ಲ ನನ್ನ ಎದೆಗೆ ಚುಚ್ಚಿದ್ದು. ಆಮೇಲೆ ಅಂದರು: "ನಾನೇ ಏನಾದ್ರೂ ಮಾಡ್ತಿದೀನೇನಮ್ಮ? ಗೊತ್ತಾಗದ ಹಾಗೆ?"

"ಇಲ್ಲ ಟೀಚರ್," ಅಂದೆ. ಧ್ವನಿಯಲ್ಲಿ ದಮ್ಮಿರಲಿಲ್ಲ. ಅವರಿಗೂ ಗೊತ್ತಾಗಿರುತ್ತದೆ. ತರಗತಿಯಲ್ಲಿ ಸುಳ್ಳು ಹೇಳುವವರ ಧ್ವನಿ ಎಷ್ಟು ಕೇಳಿದ್ದಾರೋ.

ಮಾರ್ಚ್ 12

ಬೆಳಿಗ್ಗೆ ಶಟರ್ ಎತ್ತುವಾಗಲೇ ಟೀಚರ್ ನಿಂತಿದ್ದರು. ಕೈಯಲ್ಲಿ ನೋಟ್‌ಬುಕ್. ಗಣಿತದ ಟೀಚರ್ ಅಲ್ಲವೇ, ಅಡಿಕೋಲಿಟ್ಟು ಕಾಲಂ ಎಳೆದಿದ್ದಾರೆ. ಡಿಸೆಂಬರಿನಿಂದ ಈವರೆಗೆ ಕಾರು ನಿಂತದ್ದು ಹನ್ನೊಂದು ಸಲ. ತಾರೀಕು, ಗಂಟೆ, ಎಷ್ಟು ಕಿಲೋಮೀಟರ್, ಏರೋ ಸಮವೋ, ಯಾವ ಗೇರ್, ಎಸಿ, ಡೀಸೆಲ್ ಮುಳ್ಳು. ಎರಡು ರಾತ್ರಿ ಕೂತು, ನೆನಪಿನಿಂದಲೂ ಪೆಟ್ರೋಲ್ ಬಂಕಿನ ರಸೀದಿಗಳಿಂದಲೂ ತುಂಬಿಸಿದ್ದಾರೆ.

"ಮಿಕ್ಕ ಕಾಲಂನಲ್ಲಿ ಏನೂ ಇಲ್ಲ. ಕೊನೇದು ನೋಡು."

ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ಕಾಲು ಟ್ಯಾಂಕಿಗಿಂತ ಕೆಳಗೆ.

"ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದು ಇಷ್ಟೇ. ಬದಲಾಗೋದನ್ನೆಲ್ಲ ಹೊಡೆದು ಹಾಕಿ, ಬದಲಾಗದೇ ಇರೋದು ಯಾವುದು ನೋಡಿ ಅಂತ. ನೀನು ಓಡಿಸಿ ನೋಡಿದೆಯಲ್ಲ, ಆಗ ಮುಳ್ಳು ಎಲ್ಲಿತ್ತು?"

ಅರ್ಧದ ಮೇಲೆ. ಯಾವಾಗಲೂ. ನಾವೇ ಸುರಿದದ್ದು. ರೋಗಕ್ಕೆ ಔಷಧಿ ಕುಡಿಸಿ ರೋಗ ಎಲ್ಲಿ ಎಂದು ಹುಡುಕಿದ ಹಾಗಾಯಿತು. ಮಾವ ಕುರ್ಚಿಯಿಂದ ಎದ್ದು ಬಂದು ನೋಟ್‌ಬುಕ್ ನೋಡಿದರು. "ನನ್ನ ರೂಲೇ ದಾರಿ ತಪ್ಪಿಸಿತು ನೋಡಮ್ಮ," ಅಂದರು ಟೀಚರಿಗೆ. ಅವರು ತಪ್ಪು ಒಪ್ಪಿಕೊಳ್ಳುವುದು ಹಾಗೆಯೇ, ಸುತ್ತಿ ಬಳಸಿ ಅಲ್ಲ.

ಡೀಸೆಲ್ ಇಳಿಸಿದೆವು, ಮುಳ್ಳು ಕಾಲಿಗಿಂತ ಕೆಳಗೆ ಬರುವವರೆಗೆ. ಟೀಚರೇ ಓಡಿಸಿದರು. ನಾನು ಪಕ್ಕದಲ್ಲಿ, ಮಡಿಲಲ್ಲಿ ಸ್ಕ್ಯಾನರ್. ಇಪ್ಪತ್ತಮೂರನೇ ಕಿಲೋಮೀಟರಿನಲ್ಲಿ ಡೀಸೆಲ್ ಪ್ರೆಶರ್ ನೋಡನೋಡುತ್ತಲೇ ಕುಸಿಯಿತು. ಇಂಜಿನ್ ಸತ್ತಿತು. ಟೀಚರ ಕಾಲು ಕ್ಲಚ್ಚಿನ ಹತ್ತಿರವೂ ಇರಲಿಲ್ಲ.

ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತಿದ್ದೆವು. ಟೀಚರ್ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿಂತಿತಲ್ಲ," ಅಂದರು. "ನಿಂತಿತು ಟೀಚರ್," ಅಂದೆ. ಕೆಟ್ಟು ನಿಂತ ಕಾರಿನಲ್ಲಿ ಇಷ್ಟು ಸಂತೋಷಪಟ್ಟವರು ನಾವಿಬ್ಬರೇ ಇರಬೇಕು.

ಮಾರ್ಚ್ 13, ಬೆಳಿಗ್ಗೆ 11.30

ಸಿಕ್ಕಿತು.

ಹಿಂದಿನ ಸೀಟು ಎತ್ತಿ ಟ್ಯಾಂಕ್ ತೆರೆದೆ. ಡೀಸೆಲ್ ಎಳೆದುಕೊಳ್ಳುವ ಪೈಪಿನ ತುದಿಗೆ ಒಂದು ಜಾಲರಿ ಇರುತ್ತದೆ. ಅದರ ಪಕ್ಕ, ತಳದಲ್ಲಿ, ಬೆಳ್ಳಿ ಬಣ್ಣದ ದುಂಡನೆಯ ಹಾಳೆ. ಕ್ಲೀನರ್ ಬಾಟಲಿಯ ಮುಚ್ಚಳದ ಕೆಳಗೆ ಅಂಟಿಸಿರುತ್ತಾರಲ್ಲ, ಅದು. ಡೀಸೆಲ್ ಜಾಸ್ತಿ ಇದ್ದಾಗ ಎಲ್ಲೋ ಅಲೆದಾಡಿಕೊಂಡಿರುತ್ತದೆ. ಕಡಿಮೆಯಾದಾಗ ಜಾಲರಿಯ ಹತ್ತಿರ ಬಂದು ಅಂಟಿಕೊಳ್ಳುತ್ತದೆ. ಉಸಿರು ಕಟ್ಟಿ ಇಂಜಿನ್ ಆಫ್. ಎಳೆತ ನಿಂತ ಮೇಲೆ ನಿಧಾನವಾಗಿ ಕಳಚಿಕೊಳ್ಳುತ್ತದೆ. ಮತ್ತೆ ಸ್ಟಾರ್ಟ್. ಇಷ್ಟೇ. ಇಷ್ಟಕ್ಕೆ ಮೂರು ತಿಂಗಳು.

ಹಾಳೆ ಹೇಗೆ ಒಳಗೆ ಹೋಯಿತು ಎಂದು ಕೇಳಬೇಕಾಗಿಯೇ ಇಲ್ಲ. ಬೇರೆ ಕಡೆ ಉಗುರಿನಿಂದ ಕಿತ್ತು ಬಿಸಾಡುತ್ತಾರೆ. ಗ್ರೀಸ್ ಕೈಗೆ ಅದು ಸಿಗುವುದಿಲ್ಲ ಎಂದು ನಮ್ಮಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ಅಂಚಿನ ಸುತ್ತ ಒಂದು ಸುತ್ತು ತಿರುಗಿಸಿ ಒಳಗೇ ತಳ್ಳುವುದು. ಮಾವನ ಪದ್ಧತಿ. ನನಗೂ ಹಾಗೆಯೇ ಕಲಿಸಿದ್ದರು. ಹಾಳೆ ಬಾಟಲಿಯಲ್ಲೇ ಉಳಿಯುತ್ತದೆ, ಸಾವಿರಕ್ಕೊಂದು ಸಲ ಸುರಿಯುವಾಗ ಜಾರಿ ಟ್ಯಾಂಕಿಗೆ ಬೀಳುವುದು ಬಿಟ್ಟು.

ಇವರು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಏನೇ ಅದು?"

"ಕ್ಲೀನರ್ ಬಾಟಲಿದು. ಮಾವ ಹಾಕಿರೋದು."

ಬಾಯಿಂದ ಬಂದುಬಿಟ್ಟಿತು. ಕ್ಲೀನರ್ ಸುರಿಯುವುದು ಅವರೇ ತಾನೆ. ಆದರೂ ಇವರ ಎದುರಿಗೆ ಹೇಳಬಾರದಿತ್ತು.

ಅದೇ ದಿನ, ಸಂಜೆ 7

ಹೇಳಬಾರದಿತ್ತು.

ಮಧ್ಯಾಹ್ನದ ಊಟ ಆದ ಮೇಲೆ ಇವರು ಹಾಳೆಯನ್ನು ಒಂದು ಮುಚ್ಚಳದಲ್ಲಿಟ್ಟು ಮಾವನ ಮುಂದೆ ಹಿಡಿದರು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು. "ಅಪ್ಪ, ಇದು ಟೀಚರ ಟ್ಯಾಂಕಲ್ಲಿ ಸಿಕ್ತು. ಹಿಂದೆ ಬಸ್ ಇತ್ತು. ಇಬ್ರೂ ಹೋಗ್ಬಿಡ್ತಿದ್ರು."

ಮಾವ ಹಾಳೆಯನ್ನು ಅಂಗೈ ಮೇಲೆ ಹಾಕಿಕೊಂಡರು. ಕನ್ನಡಕ ಹಣೆಗೆ ಏರಿಸಿ ಕಣ್ಣ ಹತ್ತಿರ ತಂದರು. ಅಂಚಿನ ಮೇಲೆ ಬೆರಳಾಡಿಸಿದರು. ತುಂಬಾ ಹೊತ್ತು. ಆಮೇಲೆ ನನ್ನ ಕಡೆ ನೋಡಿದರು. ನಾನು ಹತ್ತರ ಸ್ಪ್ಯಾನರ್ ಹುಡುಕುವವಳ ಹಾಗೆ ಟ್ರೇ ಕಡೆ ತಿರುಗಿಕೊಂಡೆ.

"ಹೌದಪ್ಪ. ನಂದೇ ಇರ್ಬೇಕು."

"ಇರ್ಬೇಕು ಏನಪ್ಪಾ, ಇನ್ಯಾರು?"

"ನಾನೇ ಅಂದ್ನಲ್ಲ. ಬಿಡು."

ಖಾಕಿ ಕೋಟು ಬಿಚ್ಚಿದರು. ಮಡಚಿ ಕುರ್ಚಿಯ ಮೇಲಿಟ್ಟರು. ಮನೆ ಕಡೆ ನಡೆದರು. ರಸ್ತೆ ದಾಟುವಾಗ ಜೊತೆಗೆ ಹೋಗಬೇಕಿತ್ತು, ಹೋಗಲಿಲ್ಲ. ಇವರೂ ಹೋಗಲಿಲ್ಲ.

ಮಾರ್ಚ್ 14

ಟೀಚರೂ ಮಗನೂ ಬಂದರು. ಮಗನಿಗೆ ಹಾಳೆ ತೋರಿಸಿದೆ, ಸ್ಕ್ಯಾನರಿನ ಗ್ರಾಫ್ ತೋರಿಸಿದೆ. ಅವನು ತಾಯಿಯ ನೋಟ್‌ಬುಕ್ ತಿರುವಿ ತಿರುವಿ ನೋಡಿದ. ಒಳ್ಳೆಯವನೇ, ಹೆದರಿದ್ದ ಅಷ್ಟೆ. "ಸಾರಿ ಅಮ್ಮ," ಅಂದ, ನೆಲ ನೋಡಿಕೊಂಡು.

"ನಂಗ್ಯಾಕೆ ಸಾರಿ? ಆ ಬಸ್ಸಿನವನಿಗೆ ಥ್ಯಾಂಕ್ಸ್ ಹೇಳು. ಅವನು ನಿನ್ನಷ್ಟು ಬೈಲಿಲ್ಲ ನನ್ನ."

ಮೂರು ಜನವೂ ನಕ್ಕೆವು. ಗ್ಯಾರೇಜಿನ ತಪ್ಪು ಎಂದು ನಾನೇ ಬಾಯಿಬಿಟ್ಟು ಹೇಳಿದೆ, ಕ್ಷಮೆ ಕೇಳಿದೆ. ಟೀಚರ್ ಕೈ ತಟ್ಟಿದರು. ಹೊರಡುವಾಗ, "ಎಲ್ಲಿ, ನಿಮ್ಮ ಮಾವ ಕಾಣ್ತಿಲ್ಲ?" ಎಂದರು.

"ಹುಷಾರಿಲ್ಲ," ಅಂದೆ.

ಮಾರ್ಚ್ 21, ಮಧ್ಯಾಹ್ನ

ಒಂದು ವಾರ ಬರೆಯಲಿಲ್ಲ. ಕೆಲಸ ಜಾಸ್ತಿ ಎನ್ನುವುದು ನೆಪ.

ಮಾವ ಆರಕ್ಕೆ ಏಳುತ್ತಾರೆ. ಸ್ನಾನ, ಶೇವಿಂಗ್, ಇಸ್ತ್ರಿ ಶರ್ಟು. ಎಂಟಕ್ಕೆ ಸರಿಯಾಗಿ ಮನೆಯ ಹಾಲ್‌ನಲ್ಲಿ ಕೂರುತ್ತಾರೆ. ನಾವು ಹೊರಡುತ್ತೇವೆ. ಗ್ಯಾರೇಜಿನ ಸುದ್ದಿ ಕೇಳುವುದಿಲ್ಲ. ಸಂಜೆ ಬಂದರೆ ಅದೇ ಜಾಗದಲ್ಲಿ ಕೂತಿರುತ್ತಾರೆ, ಅದೇ ಪೇಪರು.

ಇವತ್ತು ಒಂದು ಹಳೇ ವ್ಯಾನಿನ ಸದ್ದು ಅರ್ಥವಾಗಲಿಲ್ಲ. "ಮಾವ, ಸ್ವಲ್ಪ ಕೇಳಿ ಇಲ್ಲಿ," ಎಂದು ತಿರುಗಿದೆ. ಖಾಲಿ ಕುರ್ಚಿ. ಬೇಜಾರಾಯಿತು. ವ್ಯಾನಿನವನು, "ಯಾರನ್ನ ಕರೀತಿದೀರಿ?" ಅಂದ.

ಮಾರ್ಚ್ 23, ಸಂಜೆ 6

ಟೀಚರ ಫೋನು. ಕಾರು ಚೆನ್ನಾಗಿದೆ, ಕೆಂಪು ದೀಪ ಹತ್ತುವವರೆಗೂ ಬೇಕಂತಲೇ ಓಡಿಸಿ ನೋಡಿದರಂತೆ. "ಒಂದೇ ಒಂದು ಕಾಲಂ ಖಾಲಿ ಇದೆಯಮ್ಮ. ಅದು ಯಾವತ್ತು ಬಿತ್ತು ಟ್ಯಾಂಕಿಗೆ? ತಾರೀಕು ಸಿಕ್ಕಿದ್ರೆ ಹೇಳು. ಅರ್ಧ ಬಿಟ್ಟ ಲೆಕ್ಕ ನನಗೆ ನಿದ್ದೆ ಕೊಡಲ್ಲ."

ಹಳೇ ಜಾಬ್ ಕಾರ್ಡಿನ ಕಟ್ಟು ಬಿಚ್ಚಿದೆ. ಅವರ ಕಾರಿಗೆ ಕ್ಲೀನರ್ ಹಾಕಿದ್ದು ಒಂದೇ ಸಲ, ನವೆಂಬರ್ 14ರ ಸರ್ವಿಸಿನಲ್ಲಿ. ಪಕ್ಕದಲ್ಲಿ ನಾನು ಹಾಕಿದ ಟಿಕ್ಕು. ಮಾವ ಸುರಿದಿರುತ್ತಾರೆ, ನಾನು ಟಿಕ್ ಹಾಕಿರುತ್ತೇನೆ ಅಂದುಕೊಂಡೆ. ಆದರೆ ನವೆಂಬರ್ ಎಂದಾಗ ಒಳಗೆ ಏನೋ ಚುರುಕ್ ಎಂದಿತು. ಮನೆಗೆ ಬಂದು ಹೋದ ವರ್ಷದ ಡೈರಿ ತೆಗೆದೆ.

ನವೆಂಬರ್ 14. ನನ್ನದೇ ಬರಹ: "ಮಾವನಿಗೆ ನಿನ್ನೆ ಕಣ್ಣಿನ ಆಪರೇಷನ್. ಹತ್ತು ದಿನ ಬಗ್ಗುವಂತಿಲ್ಲ, ಧೂಳಿಗೆ ಬರುವಂತಿಲ್ಲ. ಇಡೀ ಗ್ಯಾರೇಜು ನನ್ನ ತಲೆ ಮೇಲೆ. ನಾಲ್ಕು ಸರ್ವಿಸ್. ಮೂರು ಗಂಟೆಗೆ ಟೀಚರ ಕಾರು ಮುಗಿಸಿ ನಿಂತೇ ಊಟ ಮಾಡಿದೆ."

ಮೂರು ಸಲ ಓದಿದೆ.

ಅದು ನಾನು. ಚುಚ್ಚಿ, ಸುತ್ತು ತಿರುಗಿಸಿ, ತಳ್ಳಿ, ಸುರಿದವಳು ನಾನು. ಊಟದ ಆತುರದಲ್ಲಿ.

ಮಾರ್ಚ್ 24, ಮಧ್ಯಾಹ್ನ 2.15

ಪಾರ್ಟ್ಸ್ ತರಬೇಕೆಂದು ಸುಳ್ಳು ಹೇಳಿ ಮನೆಗೆ ಬಂದೆ. ಮಾವ ಒಬ್ಬರೇ ಇದ್ದರು. ಎದುರಿಗೆ ಕೂತೆ.

"ಮಾವ, ಆ ಹಾಳೆ..."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಕೈಗೆ ತಗೊಂಡಾಗ್ಲೇ. ನಾನು ತಿರುಗಿಸಿದ್ರೆ ಅಂಚೆಲ್ಲ ಹರಿದಿರುತ್ತಮ್ಮ, ಕೈ ನಡುಗುತ್ತಲ್ಲ. ಇದು ಒಂದೇ ಸುತ್ತು. ನೀಟಾಗಿತ್ತು." ಸ್ವಲ್ಪ ನಕ್ಕರು. ಹೊಗಳುವ ಹಾಗೆ.

"ಮತ್ಯಾಕೆ ಹೇಳ್ಲಿಲ್ಲ ಮಾವ?"

"ಅವನು ಅಪ್ಪಂದೇ ಅಂದ. ನೀನೂ ಸುಮ್ನಿದ್ದೆ. ನಿನಗೆ ಗೊತ್ತಿದ್ದೂ ಸುಮ್ನಿದೀಯೇನೋ ಅನ್ಕೊಂಡೆ."

ಈ ಮಾತು. ಹನ್ನೊಂದು ದಿನ ಅವರು ಹಾಗೆಂದುಕೊಂಡು ಅಲ್ಲಿ ಕೂತಿದ್ದರು. ನಾನು ಬೇಕೆಂದೇ ಅವರ ತಲೆಗೆ ಕಟ್ಟಿದ್ದೇನೆ ಎಂದು. ಆದರೂ ದಿನಾ ನಾನು ಹೊರಡುವಾಗ, "ನೀರಿನ ಬಾಟ್ಲಿ ತಗೊಂಡ್ಯೇನಮ್ಮ?" ಎಂದು ಕೇಳುತ್ತಿದ್ದರು. ಅಳು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

"ಗೊತ್ತಿರ್ಲಿಲ್ಲ ಮಾವ. ನಿಜವಾಗ್ಲೂ."

"ಹೋಗ್ಲಿ ಬಿಡು. ನೋಡು, ಅವನು ನನ್ನ ಕೈ ನಂಬ್ದೇ ಹೋದ್ರೆ ಒಂದು ಕುರ್ಚಿ ಖಾಲಿ ಆಗುತ್ತೆ. ನಿನ್ನ ಕೈ ನಂಬ್ದೇ ಹೋದ್ರೆ ದಿನಾ ನಿನ್ನ ತಲೆ ಮೇಲೆ ಬಂದು ನಿಲ್ತಾನೆ. ಹಾಗೆ ಕೆಲಸ ಮಾಡಕ್ಕಾಗಲ್ಲ. ಅವನಿಗೆ ಹೇಳ್ಬೇಡ."

ಮಾರ್ಚ್ 25

ಟೀಚರಿಗೆ ತಾರೀಕು ಹೇಳಿದೆ. ನನ್ನ ಕೈಯಿಂದ ಆದದ್ದು ಎಂದೂ ಹೇಳಿದೆ. "ಹೇಳಿದ್ಯಲ್ಲ, ಸಾಕು," ಅಂದರು. ಅವರಿಗೆ ಹೇಳುವುದು ಸುಲಭ.

ಇವರಿಗೆ ಹೇಳಲಿಲ್ಲ.

ಮಾರ್ಚ್ 26

ಹೇಳಲಿಲ್ಲ. ಎರಡು ಸಲ ಗಾಜಿನ ಕೋಣೆಯವರೆಗೆ ಹೋದೆ. ಮೊದಲ ಸಲ ಫೋನಿನಲ್ಲಿದ್ದರು. ಎರಡನೇ ಸಲ ಸುಮ್ಮನೆ ಕೂತಿದ್ದರು, "ಏನೇ?" ಎಂದರು. ಹದಿಮೂರರ ಫಿಲ್ಟರ್ ಇದೆಯಾ ಎಂದು ಕೇಳಿ ವಾಪಸ್ ಬಂದೆ. ಹದಿಮೂರರ ಫಿಲ್ಟರ್ ಎಂಬುದು ಲೋಕದಲ್ಲೇ ಇಲ್ಲ. ಅವರು ಎದ್ದು ಹುಡುಕುತ್ತಿದ್ದರು, ಪಾಪ.

ಮಾರ್ಚ್ 27, ಬೆಳಿಗ್ಗೆ 7.50

ತಿಂಡಿ ತಿನ್ನುತ್ತಾ ಇವರು ಹೇಳಿದರು, ಬಾಗಿಲ ಹತ್ತಿರದ ಜಾಗಕ್ಕೆ ಹೊಸ ಕಂಪ್ರೆಸರ್ ಇಡೋಣ, ಇವತ್ತೇ ಬರುತ್ತದೆ, ಕುರ್ಚಿ ಮನೆಗೆ ತರಿಸುತ್ತೇನೆ ಎಂದು. ಮಾವ ಪಕ್ಕದಲ್ಲೇ ಇದ್ದರು. "ಒಳ್ಳೇದು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಮೋಟಾರ್ ಬಿಸಿ ಆಗಲ್ಲ," ಅಂದರು. ಇಸ್ತ್ರಿ ಶರ್ಟಿನ ಮೇಲೆ ಚೂರು ಚಟ್ನಿ ಬಿದ್ದಿತ್ತು. ಅದನ್ನು ಒರೆಸಿಕೊಳ್ಳುತ್ತಾ ಒರೆಸಿಕೊಳ್ಳುತ್ತಾ ಅಂದರು.

ನನಗೆ ಹೇಳಲು ಬಾಯಿ ಬರುವುದಿಲ್ಲ. ನಾಲ್ಕು ದಿನದಿಂದ ನೋಡಿದ್ದೇನೆ, ಬರುವುದಿಲ್ಲ. ಈ ಪುಟ ಹರಿದು ಇವರ ಕೈಗೇ ಕೊಡುತ್ತೇನೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ.

ರೀ, ಕುರ್ಚಿ ತೆಗೆಯಬೇಡಿ. ಆ ಹಾಳೆ ನಿಮ್ಮ ಅಪ್ಪನದಲ್ಲ. ಅವತ್ತು ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು, ನೀವೇ ಡ್ರಾಪ್ಸ್ ಹಾಕುತ್ತಿದ್ದಿರಿ. ನವೆಂಬರ್ 14, ಮಧ್ಯಾಹ್ನ ಮೂರು ಗಂಟೆ, ಗ್ಯಾರೇಜಿನಲ್ಲಿ ಇದ್ದವಳು ನಾ...